ಆಟಿಸಂ ಇರುವ ಮಗು ಮತ್ತು ಶಾಲೆ: ಯಾವ ಅಸೆಸ್‌ಮೆಂಟ್ ಮಾಡಿಸಬೇಕು, ಯಾವ ನೆರವು ಕೇಳಬೇಕು?

ಮಗುವಿಗೆ ಆಟಿಸಂ ಇದೆ ಅಂತ ಗೊತ್ತಾದ ಮೇಲೆ, ಅಥವಾ ಇರಬಹುದು ಅನ್ನುವ ಅನುಮಾನ ಬಂದ ಮೇಲೆ, ಶಾಲೆಯ ವಿಷಯದಲ್ಲಿ ಎರಡು ತೀರ್ಮಾನ ಮಾಡಬೇಕಾಗುತ್ತದೆ. ಅಸೆಸ್‌ಮೆಂಟ್ ಯಾರ ಹತ್ತಿರ ಮಾಡಿಸುವುದು ಅನ್ನುವುದು ಒಂದು. ರಿಪೋರ್ಟ್ ಬಂದ ಮೇಲೆ ಮಗು ಎಲ್ಲಿ, ಯಾರ ಜೊತೆ, ಎಂಥ ಸಹಾಯದಲ್ಲಿ ಕಲಿಯಬೇಕು ಅನ್ನುವುದು ಇನ್ನೊಂದು. ಎರಡಕ್ಕೂ ಹಲವು ದಾರಿಗಳಿವೆ. ಒಂದೊಂದು ದಾರಿಯ ಪರವಾಗಿಯೂ ಗಟ್ಟಿ ದನಿಯಲ್ಲಿ ಮಾತಾಡುವವರಿದ್ದಾರೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. "ಈ ಮಗುವಿಗೆ ಯಾವ ಶಾಲೆ ಸರಿ?" ಅನ್ನುವ ಪ್ರಶ್ನೆ ಹಿಡಿದು ಹೊರಟರೆ ಬೇಗ ಸುಸ್ತಾಗುತ್ತದೆ. ಅದು ತೀರಾ ದೊಡ್ಡ ಪ್ರಶ್ನೆ. ಗಣಿತದ ಪೀರಿಯಡ್‌ನಲ್ಲಿ ಏನು ಬೇಕು, ಊಟದ ಬಿಡುವಿನಲ್ಲಿ ಏನು ಬೇಕು, ಪಿಟಿಯಲ್ಲಿ ಏನು ಬೇಕು ಅಂತ ಬಿಡಿಸಿ ಕೇಳಿದರೆ ಉತ್ತರ ಸಿಗುತ್ತದೆ. ಒಂದೇ ಮಗುವಿಗೆ ಮೂರು ಹೊತ್ತಿಗೆ ಮೂರು ಉತ್ತರ ಬರಬಹುದು. ಬರಲಿ. ಅಸೆಸ್‌ಮೆಂಟ್ ಕೂಡ ಈ ಚಿಕ್ಕ ಪ್ರಶ್ನೆಗಳಿಗೆ ಉತ್ತರ ಕೊಡುವಂತಿದ್ದರೆ ಮಾತ್ರ ಶಾಲೆಯಲ್ಲಿ ಕೆಲಸಕ್ಕೆ ಬರುತ್ತದೆ.

ಡಾಕ್ಟರ ರಿಪೋರ್ಟ್, ಶಾಲೆಯ ರಿಪೋರ್ಟ್, ಖಾಸಗಿ ರಿಪೋರ್ಟ್

ಡಾಕ್ಟರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡುವ ಡಯಾಗ್ನೋಸಿಸ್ ಮುಖ್ಯವಾಗಿ ಹೇಳುವುದು ಒಂದೇ ವಿಷಯ: ಇದು ಆಟಿಸಂ ಹೌದೋ ಅಲ್ಲವೋ. ಅದಕ್ಕೆ ಅವರು ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಡಿಎಸ್‌ಎಂ-5 ಅಥವಾ 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಮಾನದಂಡಗಳನ್ನು ಇಟ್ಟುಕೊಳ್ಳುತ್ತಾರೆ. ಎಡಾಸ್-2 ಅಂತ ಒಂದು ವಿಧಾನವಿದೆ. ಮಗುವಿನ ಜೊತೆ ಆಟ, ಮಾತು, ಚಿಕ್ಕಪುಟ್ಟ ಚಟುವಟಿಕೆ ನಡೆಸುತ್ತಾ 40ರಿಂದ 60 ನಿಮಿಷ ಗಮನಿಸುತ್ತಾರೆ. ಎಡಿಐ-ಆರ್ ಅನ್ನುವುದು ಅಪ್ಪ ಅಮ್ಮನ ಜೊತೆ ನಡೆಸುವ ಉದ್ದನೆಯ ಸಂದರ್ಶನ, 93 ಪ್ರಶ್ನೆಗಳದ್ದು. ಕಾರ್ಸ್-2ರಲ್ಲಿ ಮಗುವಿನ ನಡವಳಿಕೆಯ 15 ಅಂಶಗಳಿಗೆ ಅಂಕ ಹಾಕುತ್ತಾರೆ.

ಇದರಿಂದ ಸ್ಥಿತಿಗೆ ಒಂದು ಹೆಸರು ಸಿಗುತ್ತದೆ. ಸರ್ಟಿಫಿಕೇಟ್, ಸೌಲಭ್ಯ, ಕಾನೂನಿನ ರಕ್ಷಣೆ ಇವಕ್ಕೆಲ್ಲ ಬಾಗಿಲು ತೆರೆಯುವುದು ಈ ಕಾಗದವೇ. ಕಿವಿ ಸರಿಯಾಗಿ ಕೇಳುತ್ತದೆಯೇ, ಫಿಟ್ಸ್ ಏನಾದರೂ ಇದೆಯೇ ಎಂಬುದನ್ನೂ ವೈದ್ಯರೇ ನೋಡಬೇಕು. ಆದರೆ ತರಗತಿಯಲ್ಲಿ ಮಗು ಹೇಗಿರುತ್ತದೆ ಎಂದು ಈ ರಿಪೋರ್ಟಿನಲ್ಲಿ ಇರುವುದಿಲ್ಲ. "ಲೆವೆಲ್ 2" ಅಂತ ಬರೆದಿರುತ್ತಾರೆ, ಅಂದರೆ ಗಣನೀಯ ನೆರವು ಬೇಕು ಅಂತ. ಎಂಥ ನೆರವು, ಯಾವ ಹೊತ್ತಿನಲ್ಲಿ? ಅದನ್ನು ಲೆವೆಲ್ ಹೇಳುವುದಿಲ್ಲ. ಸುಮ್ನೆ ಆ ಸಂಖ್ಯೆ ನೋಡಿ ಶಾಲೆ ಆರಿಸುವವರಿದ್ದಾರೆ. ಶಾಲೆಗಳೂ ಅದನ್ನೇ ನೋಡಿ ಸೀಟಿಲ್ಲ ಅನ್ನುತ್ತವೆ. ಎರಡೂ ಸರಿಯಲ್ಲ.

ಹಳೆಯ ರಿಪೋರ್ಟ್ ಇಟ್ಟುಕೊಂಡವರು ಇನ್ನೊಂದು ವಿಷಯ ಗಮನಿಸಬೇಕು. 2013ಕ್ಕೆ ಮೊದಲು ಇದ್ದ ಡಿಎಸ್‌ಎಂ ನಿಯಮದ ಪ್ರಕಾರ ಆಟಿಸಂ ಮತ್ತು ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆ) ಎರಡನ್ನೂ ಒಬ್ಬರಿಗೇ ಬರೆಯುವ ಹಾಗಿರಲಿಲ್ಲ. ಈಗ ಬರೆಯಬಹುದು, ಮತ್ತು ಎರಡೂ ಒಟ್ಟಿಗಿರುವುದು ಸಾಮಾನ್ಯ. ಆದರೂ ಹಳೆ ಅಭ್ಯಾಸ ಪೂರ್ತಿ ಹೋಗಿಲ್ಲ. "ಎಲ್ಲಾ ಆಟಿಸಂನಿಂದಲೇ" ಅಂತ ಒಂದೇ ಮೂಟೆ ಕಟ್ಟುವವರು ಇನ್ನೂ ಸಿಗುತ್ತಾರೆ. ಗಮನ ನಿಲ್ಲದಿರುವುದು, ಆತಂಕ ಇವನ್ನು ಬೇರೆಯಾಗಿ ನೋಡಿದ್ದಾರೆಯೇ ಎಂದು ಕೇಳಿ.

ಶಾಲೆ ಮಾಡುವ ಮೌಲ್ಯಮಾಪನದ ಪ್ರಶ್ನೆಯೇ ಬೇರೆ. ಈ ಸ್ಥಿತಿಯಿಂದ ಕಲಿಕೆಗೆ ಏನು ತೊಡಕಾಗಿದೆ, ಏನು ಕೊಟ್ಟರೆ ತೊಡಕು ಕಡಿಮೆಯಾಗುತ್ತದೆ? ಮಗುವನ್ನು ಅದರ ನಿಜವಾದ ಜಾಗದಲ್ಲಿ, ಮೂವತ್ತು ನಲವತ್ತು ಮಕ್ಕಳ ಗದ್ದಲದ ನಡುವೆ ನೋಡಬಹುದು ಅನ್ನುವುದೇ ಇದರ ಬಲ. ಶಾಲೆಗೆ ತನ್ನದೇ ಲೆಕ್ಕಾಚಾರ ಇರುತ್ತದೆ ಅನ್ನುವುದು ಇದರ ದೌರ್ಬಲ್ಯ. ರಿಸೋರ್ಸ್ ರೂಮ್ (ವಿಶೇಷ ಶಿಕ್ಷಕರು ಬೇರೆಯಾಗಿ ಕಲಿಸುವ ಕೋಣೆ) ಇರುವ ಶಾಲೆ ರಿಸೋರ್ಸ್ ರೂಮನ್ನೇ ಶಿಫಾರಸು ಮಾಡುತ್ತದೆ. ಇಲ್ಲದ ಶಾಲೆಗೆ ಅದರ ಅಗತ್ಯವೇ ಕಾಣುವುದಿಲ್ಲ.

ಒಳ್ಳೆಯ ಮಾರ್ಕ್ಸ್ ತೆಗೆಯುವ ಮಕ್ಕಳ ಪಾಡು ಇಲ್ಲಿ ಇನ್ನೂ ಕಷ್ಟ. "ತೊಂಬತ್ತು ಬಂದಿದೆಯಲ್ಲಾ, ಇನ್ನೇನು ತೊಂದರೆ?" ಅಂತ ಕೇಳುತ್ತಾರೆ. ಶಾಲೆಯಲ್ಲಿ ಇಡೀ ದಿನ ತನ್ನನ್ನು ಬಿಗಿಹಿಡಿದುಕೊಂಡು ಮನೆಗೆ ಬಂದು ಸಿಡಿಯುವ ಮಕ್ಕಳಿದ್ದಾರೆ. ಹುಡುಗಿಯರಲ್ಲಿ ಈ ಮುಚ್ಚಿಟ್ಟುಕೊಳ್ಳುವಿಕೆ ಜಾಸ್ತಿ. ಅವರಲ್ಲಿ ಆಟಿಸಂ ತಡವಾಗಿ ಗೊತ್ತಾಗುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಮನೆಯಲ್ಲಿ ಶಾಲೆ ಬಿಟ್ಟ ನಂತರದ ಎರಡು ಗಂಟೆ ಹೇಗೆ ಕಳೆಯುತ್ತದೆ ಎಂದು ಬರೆದಿಟ್ಟು, ಅದನ್ನೂ ಮೌಲ್ಯಮಾಪನದ ಭಾಗವಾಗಿ ಸೇರಿಸಲು ಹೇಳಿ.

ಮೂರನೆಯದು ಹೊರಗಿನ ತಜ್ಞರಿಂದ ಸ್ವಂತ ಖರ್ಚಿನಲ್ಲಿ ಮಾಡಿಸುವುದು. ಸಮಯ ಕೊಟ್ಟು ನೋಡುತ್ತಾರೆ, ಬರೆದು ಕೊಡುತ್ತಾರೆ, ಶಾಲೆಯ ಹಂಗಿರುವುದಿಲ್ಲ. ಆದರೆ ಪರೀಕ್ಷೆ ನಡೆಯುವುದು ಪ್ರಶಾಂತವಾದ ಕೋಣೆಯಲ್ಲಿ, ಒಬ್ಬರಿಗೆ ಒಬ್ಬರಂತೆ. ಅಲ್ಲಿ ಚೆನ್ನಾಗಿ ಉತ್ತರಿಸಿದ ಮಗು ತರಗತಿಯಲ್ಲಿ ಮಂಕಾಗಿ ಕೂತಿರಬಹುದು. ಶಾಲೆಗೆ ಒಂದು ಸಲವೂ ಬಾರದೆ ಶಾಲೆಗೆ ಸಲಹೆ ಬರೆಯುವ ತಜ್ಞರ ರಿಪೋರ್ಟಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ, ಅದು ಎಷ್ಟೇ ಪುಟ ಇರಲಿ.

ಹಾಗಾದರೆ ಯಾವುದು ಮೊದಲು? ಡಯಾಗ್ನೋಸಿಸ್ ಇನ್ನೂ ಆಗಿಲ್ಲವಾದರೆ ವೈದ್ಯಕೀಯದ್ದೇ ಮೊದಲು. ಆದರೆ ಅದು ಮುಗಿಯುವ ತನಕ ಶಾಲೆ ಕೈಕಟ್ಟಿ ಕೂರಬೇಕಾಗಿಲ್ಲ. ಕಣ್ಣಿಗೆ ಕಾಣುವ ಕಷ್ಟಕ್ಕೆ ನೆರವು ಕೊಡಲು ಕಾಗದ ಬೇಕಿಲ್ಲ. ಡಯಾಗ್ನೋಸಿಸ್ ಆಗಿದ್ದರೆ ನಿಮ್ಮ ಶಕ್ತಿಯನ್ನೆಲ್ಲಾ ಶಾಲೆಯ ಮೌಲ್ಯಮಾಪನ ಸರಿಯಾಗಿ ಆಗುವಂತೆ ನೋಡಿಕೊಳ್ಳುವುದಕ್ಕೆ ಹಾಕಿ. ಶಾಲೆ ಹೇಳಿದ್ದು ಒಪ್ಪಿಗೆಯಾಗದಿದ್ದಾಗ, ಅಥವಾ "ಓದುತ್ತಾನೆ, ಆದರೆ ಅರ್ಥ ಆಗಲ್ಲ, ಯಾಕೆ?" ಅನ್ನುವಂಥ ನಿರ್ದಿಷ್ಟ ಪ್ರಶ್ನೆ ಇದ್ದಾಗ ಖಾಸಗಿ ರಿಪೋರ್ಟಿಗೆ ದುಡ್ಡು ಹಾಕಿ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಪೋಷಕರು ಒಪ್ಪಿಗೆ ಕೊಟ್ಟ ಮೇಲೆ 60 ದಿನದೊಳಗೆ ಮೌಲ್ಯಮಾಪನ ಮುಗಿಯಬೇಕು, ರಾಜ್ಯವೊಂದು ತನ್ನದೇ ಗಡುವು ಇಟ್ಟುಕೊಂಡಿದ್ದರೆ ಆ ಗಡುವಿನೊಳಗೆ. ಶಾಲೆಯ ಫಲಿತಾಂಶ ಒಪ್ಪದ ಪೋಷಕರು ಸರ್ಕಾರದ ಖರ್ಚಿನಲ್ಲೇ ಹೊರಗಿನ ಮೌಲ್ಯಮಾಪನ ಕೇಳಬಹುದು. ಇಂಗ್ಲೆಂಡಿನಲ್ಲಿ ಮನವಿಯಿಂದ ಮಗುವಿನ ನೆರವಿನ ಅಂತಿಮ ಯೋಜನೆಯವರೆಗೆ 20 ವಾರಗಳ ಮಿತಿ ಇದೆ. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ಆ ಕಾಯ್ದೆಯಲ್ಲೇ ಇವೆ. ನೀವಿರುವ ಕಡೆ ಏನೇ ನಿಯಮ ಇರಲಿ, ಮನವಿಯನ್ನು ಬರಹದಲ್ಲಿ ಕೊಡಿ, ದಿನಾಂಕ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಮಾನ್ಯವಾಗಿ ಗಡುವು ಶುರುವಾಗುವುದಿಲ್ಲ.

ಪರೀಕ್ಷೆಗಳಲ್ಲಿ ಯಾವುದಕ್ಕೆ ಎಷ್ಟು ತೂಕ

ಐಕ್ಯೂ ಮೇಲೆ ಎಲ್ಲರ ಕಣ್ಣು. ನನ್ನ ಪ್ರಕಾರ ಆಟಿಸಂ ಇರುವ ಮಗುವಿನ ಮಟ್ಟಿಗೆ ಅತಿ ಎಚ್ಚರದಿಂದ ಓದಬೇಕಾದದ್ದು ಅದೇ.

ಹೆಚ್ಚು ಬಳಕೆಯಲ್ಲಿರುವ ವೆಕ್ಸ್‌ಲರ್ ಪರೀಕ್ಷೆ ನೋಡಿ. ಈಗಿನ ಆವೃತ್ತಿಯಲ್ಲಿ ಐದು ವಿಭಾಗ: ಮಾತಿನ ತಿಳಿವಳಿಕೆ, ಆಕಾರಗಳನ್ನು ಗ್ರಹಿಸುವುದು, ತರ್ಕ, ಕೆಲಸದ ನೆನಪು (ಕೇಳಿದ್ದನ್ನು ಆ ಹೊತ್ತಿಗೆ ಮನಸ್ಸಿನಲ್ಲಿಟ್ಟುಕೊಂಡು ಬಳಸುವುದು), ವೇಗ. ಸರಾಸರಿ 100. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೆ ಬರುತ್ತಾರೆ. ಒಬ್ಬ ಹುಡುಗನಿಗೆ ಆಕಾರಗಳಲ್ಲಿ 118, ವೇಗದಲ್ಲಿ 74 ಬಂದಿದೆ ಅಂದುಕೊಳ್ಳಿ. ಎಲ್ಲವನ್ನೂ ಕೂಡಿಸಿ ಒಟ್ಟು ಐಕ್ಯೂ ತೊಂಬತ್ತರ ಆಸುಪಾಸು, "ಸಾಮಾನ್ಯ" ಅಂತ ಬರೆಯುತ್ತಾರೆ. ಆ ಹುಡುಗನ ಬಗ್ಗೆ ಆ ಸಂಖ್ಯೆ ಏನೂ ಹೇಳಲಿಲ್ಲ. ಅವನು ಲೆಕ್ಕ ಬಿಡಿಸಬಲ್ಲ, ಬೋರ್ಡಿನಿಂದ ಕಾಪಿ ಮಾಡಲಾರ ಅನ್ನುವುದು ಬಿಡಿ ಅಂಕಗಳಲ್ಲಿದೆ. ಆಟಿಸಂನಲ್ಲಿ ಇಂಥ ಏರಿಳಿತ ಸಾಮಾನ್ಯವಾದ್ದರಿಂದ ಒಟ್ಟು ಅಂಕ ಬಿಟ್ಟು ಬಿಡಿ ಅಂಕಗಳನ್ನು ಕೇಳಿ ಪಡೆಯಿರಿ. ಅವಿಲ್ಲದ ರಿಪೋರ್ಟ್ ಅರ್ಧ ರಿಪೋರ್ಟ್.

ಪರೀಕ್ಷೆಯನ್ನು ಬದಲಿಸಿದರೂ ಚಿತ್ರ ಬದಲಾಗಬಹುದು. ಮಾಂಟ್ರಿಯಲ್‌ನಲ್ಲಿ ಮಿಶೆಲ್ ಡಾಸನ್, ಲಾರಾನ್ ಮಾಟ್ರಾನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದೇ ಆಟಿಸ್ಟಿಕ್ ಮಕ್ಕಳಿಗೆ ವೆಕ್ಸ್‌ಲರ್ ಮತ್ತು ರೇವನ್ಸ್ ಎರಡನ್ನೂ ಕೊಟ್ಟರು. ರೇವನ್ಸ್ ಅಂದರೆ ಮಾತಿಲ್ಲದ, ಚಿತ್ರ ನೋಡಿ ಬಿಟ್ಟ ಜಾಗ ತುಂಬುವ ಪರೀಕ್ಷೆ. ವೆಕ್ಸ್‌ಲರ್‌ಗಿಂತ ರೇವನ್ಸ್‌ನಲ್ಲಿ ಅವರ ಸ್ಥಾನ ಸರಾಸರಿ 30 ಪರ್ಸೆಂಟೈಲ್‌ನಷ್ಟು ಮೇಲೆ ಬಂತು, ಅಂದರೆ ನೂರು ಮಕ್ಕಳ ಸಾಲಿನಲ್ಲಿ ಮೂವತ್ತು ಸ್ಥಾನ ಮೇಲೆ. ಡಾಸನ್ ಸ್ವತಃ ಆಟಿಸ್ಟಿಕ್ ಅನ್ನುವುದನ್ನೂ ಹೇಳಬೇಕು. ಮಾತು ಕಡಿಮೆ ಇರುವ ಮಗುವಿಗೆ ಮಾತಿನ ಪರೀಕ್ಷೆ ಕೊಟ್ಟು "ಬುದ್ಧಿಮಟ್ಟ ಕಡಿಮೆ" ಅಂತ ಬರೆದಿದ್ದರೆ ರೇವನ್ಸ್ ಅಥವಾ ಲೈಟರ್‌ನಂಥ ಮಾತಿಲ್ಲದ ಪರೀಕ್ಷೆ ಮಾಡಿಸಿ ಅಂತ ಹಟ ಹಿಡಿಯಬಹುದು. ಮನೆಮಾತು ಒಂದು, ಪರೀಕ್ಷೆಯ ಮಾತು ಇನ್ನೊಂದು ಆಗಿದ್ದರಂತೂ ಇದು ಕಡ್ಡಾಯ. ಅದೇ ಪರೀಕ್ಷೆಯನ್ನು ವರ್ಷದೊಳಗೆ ಮತ್ತೆ ಕೊಡಿಸಬೇಡಿ. ಅಭ್ಯಾಸದಿಂದಲೇ ಅಂಕ ಏರಿರುತ್ತದೆ.

ಐಕ್ಯೂಗಿಂತ ಜಾಸ್ತಿ ಉಪಯೋಗಕ್ಕೆ ಬರುವುದು ದಿನದ ಬದುಕಿನ ಕೌಶಲ ಅಳೆಯುವ ವೈನ್‌ಲ್ಯಾಂಡ್‌ನಂಥ ಪ್ರಶ್ನಾವಳಿ. ಮಗು ಏನು ಮಾಡಬಲ್ಲದು ಅಂತ ಅದು ಕೇಳುವುದಿಲ್ಲ. ದಿನವೂ ತಾನಾಗಿ ಏನು ಮಾಡುತ್ತದೆ ಅಂತ ಕೇಳುತ್ತದೆ. ಬುದ್ಧಿವಂತ ಆಟಿಸ್ಟಿಕ್ ಮಕ್ಕಳಲ್ಲಿ ಐಕ್ಯೂ ಮತ್ತು ಈ ಅಂಕದ ನಡುವೆ ದೊಡ್ಡ ಅಂತರ ಇರುವುದುಂಟು. "ಹುಷಾರಿದ್ದಾನೆ, ನೆರವು ಬೇಡ" ಅನ್ನುವ ಶಾಲೆಯ ಮುಂದೆ ಇಡಲು ಈ ಅಂತರಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಮಾತಿನ ಪರೀಕ್ಷೆಯಲ್ಲೂ ಒಂದು ಬಲೆ ಇದೆ. ಶಬ್ದಗಳು ಗೊತ್ತು, ವಾಕ್ಯ ಸರಿಯಾಗಿದೆ, ಉಚ್ಚಾರ ಸ್ಪಷ್ಟ, ಹಾಗಾಗಿ ಸ್ಪೀಚ್ ಥೆರಪಿ ಬೇಡ ಅಂತ ಬರೆದುಬಿಡುತ್ತಾರೆ. ಆದರೆ ಮಾತಿನ ಸರದಿ ಕಾಯುವುದು, ತಮಾಷೆ ಹಿಡಿಯುವುದು, ಹೇಳದೆ ಬಿಟ್ಟದ್ದನ್ನು ಊಹಿಸುವುದು ಇವನ್ನು ನೋಡಿರುವುದಿಲ್ಲ. ಓದಿನಲ್ಲೂ ಅಷ್ಟೇ. ಮೂರನೇ ವಯಸ್ಸಿಗೇ ಅಕ್ಷರ ಕೂಡಿಸಿ ಓದುವ, ಓದಿದ್ದು ಏನೆಂದು ಹೇಳಲಾಗದ ಮಕ್ಕಳಿದ್ದಾರೆ. ಗಟ್ಟಿಯಾಗಿ ಓದುವುದನ್ನೂ ಅರ್ಥ ಮಾಡಿಕೊಳ್ಳುವುದನ್ನೂ ಬೇರೆಬೇರೆ ಅಳೆಯಲು ಹೇಳಿ.

ಆಕ್ಯುಪೇಷನಲ್ ಥೆರಪಿಸ್ಟ್ ನೋಡುವುದು ಕೈಬರಹ, ಸದ್ದು, ಬೆಳಕು, ಮುಟ್ಟುವಿಕೆ, ಕೂರುವ ಭಂಗಿ. ಇಲ್ಲಿ ನೋಡಬೇಕಾದ್ದು ಒಂದೇ, ಶಾಲೆಯ ಜಾಗಗಳ ಹೆಸರು ರಿಪೋರ್ಟಿನಲ್ಲಿದೆಯೇ. "ಸದ್ದಿಗೆ ಸೂಕ್ಷ್ಮ" ಅಂದರೆ ಯಾರಿಗೂ ಏನೂ ಗೊತ್ತಾಗದು. "ಊಟದ ಹಾಲ್‌ನಲ್ಲಿ ಕಿವಿ ಮುಚ್ಚಿಕೊಳ್ಳುತ್ತಾಳೆ, ತಟ್ಟೆ ಮುಟ್ಟುವುದಿಲ್ಲ" ಅಂದರೆ ಟೀಚರಿಗೆ ಕೆಲಸ ಸಿಕ್ಕಿತು.

ನಡವಳಿಕೆಯ ಬಗ್ಗೆ ಶಾಲೆಗಳು ಸಾಮಾನ್ಯವಾಗಿ ಒಂದು ಚೆಕ್‌ಲಿಸ್ಟ್ ತುಂಬಿಸುತ್ತವೆ: ಹೊಡೆಯುತ್ತಾನೆ, ಓಡಿಹೋಗುತ್ತಾನೆ, ಹೇಳಿದ ಮಾತು ಕೇಳುವುದಿಲ್ಲ. ಇದು ದೂರಿನ ಪಟ್ಟಿ ಅಷ್ಟೇ. ಇದಕ್ಕೆ ಬದಲಾಗಿ ಕೇಳಬೇಕಾದ್ದು ನಡವಳಿಕೆಯ ಕಾರಣ ಹುಡುಕುವ ಮೌಲ್ಯಮಾಪನ. ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು ಅಂತ ಪ್ರತಿ ಸಲ ಮೂರು ಕಾಲಂ ಬರೆಯುತ್ತಾರೆ. ಹುಡುಗನೊಬ್ಬ ನೋಟ್ಸ್ ಬರೆಯುವ ಹೊತ್ತಿನಲ್ಲೇ ಪುಸ್ತಕ ಹರಿಯುತ್ತಾನೆ. ಅವನನ್ನು ಹೊರಗೆ ಕಳಿಸುತ್ತಾರೆ. ಹೊರಗೆ ಬರೆಯುವ ಕೆಲಸ ಇಲ್ಲ. ಎರಡು ವಾರ ಕಾಲಂ ತುಂಬಿದರೆ ಬರೆಯುವುದೇ ಅವನಿಗೆ ಕಷ್ಟ, ಪುಸ್ತಕ ಹರಿಯುವುದು ಅದರಿಂದ ತಪ್ಪಿಸಿಕೊಳ್ಳುವ ದಾರಿ ಅಂತ ಕಾಣುತ್ತದೆ. ಶಿಕ್ಷೆ ಅಂತ ಶಾಲೆ ಕೊಡುತ್ತಿದ್ದದ್ದು ಅವನಿಗೆ ಬಿಡುಗಡೆಯಾಗಿತ್ತು. ಈಗ ಪರಿಹಾರ ಬೇರೆಯೇ ಆಗುತ್ತದೆ. ಟೈಪ್ ಮಾಡಲು ಬಿಡಿ, ಬರೆಯುವುದನ್ನು ಕಡಿಮೆ ಮಾಡಿ, "ಬ್ರೇಕ್ ಬೇಕು" ಅಂತ ಕೇಳಲು ಒಂದು ಕಾರ್ಡ್ ಕೊಡಿ.

ಸಮಯ, ದುಡ್ಡು ಎರಡೂ ಕಡಿಮೆ ಇದ್ದು ಕೆಲವನ್ನೇ ಆರಿಸಬೇಕಾದರೆ ನಾನು ಮೊದಲು ಕೇಳುವುದು ಎರಡು ಕಡೆಯ ವೀಕ್ಷಣೆ: ಒಂದು ಪಾಠ ನಡೆಯುವಾಗ, ಇನ್ನೊಂದು ಬಿಡುವಿನಲ್ಲಿ. ಆಮೇಲೆ ಮಾತು ಮತ್ತು ಸಂವಹನ, ಆಮೇಲೆ ದಿನದ ಬದುಕಿನ ಕೌಶಲ. ಐಕ್ಯೂ ಕೊನೆಗೆ, ಅದೂ ಯಾವುದಾದರೂ ಸೌಲಭ್ಯಕ್ಕೆ ಬೇಕೇ ಬೇಕು ಅಂದಾಗ.

ನೆರವಿನ ಆಯ್ಕೆಗಳು

ಸಾಮಾನ್ಯ ತರಗತಿಯಲ್ಲೇ ಇದ್ದು ತರಗತಿಯನ್ನು ಸ್ವಲ್ಪ ಬದಲಿಸುವುದು ಮೊದಲ ಆಯ್ಕೆ. ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಕಡಿಮೆ ಪ್ರಯತ್ನ ಮಾಡಿ ಕೈಬಿಡುವಂಥದ್ದೂ ಇದೇ. ಎರಿಕ್ ಶಾಪ್ಲರ್ 1972ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಶುರು ಮಾಡಿದ ಟೀಚ್ ಕಾರ್ಯಕ್ರಮದಿಂದ ಬಂದ ವಿಧಾನ ಇದಕ್ಕೆ ಒಳ್ಳೆಯ ತಳಹದಿ. ದಿನದ ವೇಳಾಪಟ್ಟಿ ಚಿತ್ರದಲ್ಲಿ ಕಾಣಬೇಕು. ಕೂರುವ ಜಾಗ ನಿಗದಿಯಾಗಿರಬೇಕು. ಕೆಲಸ ಕೊಟ್ಟಾಗ ನಾಲ್ಕು ವಿಷಯ ಕಣ್ಣಿಗೆ ಕಾಣುವಂತಿರಬೇಕು: ಏನು ಮಾಡಬೇಕು, ಎಷ್ಟು ಮಾಡಬೇಕು, ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ, ಆಮೇಲೆ ಏನು. ಇದರ ಜೊತೆ ಸದ್ದು ತಡೆಯುವ ಹೆಡ್‌ಫೋನ್, ನಡುವೆ ಎದ್ದು ಓಡಾಡಲು ಅವಕಾಶ, ಬದಲಾವಣೆ ಇದ್ದರೆ ಮೊದಲೇ ಹೇಳುವುದು. ನಿಜ ಹೇಳಬೇಕಂದರೆ ಇದರಿಂದ ತರಗತಿಯ ಅರ್ಧ ಮಕ್ಕಳಿಗೆ ಅನುಕೂಲವಾಗುತ್ತದೆ. ಮಗುವಿಗೆ ಮಾತು ಅಥವಾ ಬೇರೆ ಯಾವುದಾದರೂ ಸಂವಹನದ ದಾರಿ ಇದ್ದು, ತರಗತಿಯಲ್ಲಿ ಹೆಚ್ಚು ಹೊತ್ತು ನೆಮ್ಮದಿಯಾಗಿ ಕೂರುವಂತಿದ್ದರೆ ಇದನ್ನೇ ಮೊದಲು ಒಂದೆರಡು ತಿಂಗಳು ಪ್ರಾಮಾಣಿಕವಾಗಿ ನಡೆಸಿ. "ಮಾಡಿ ನೋಡಿದೆವು, ಆಗಲಿಲ್ಲ" ಅಂತ ಶಾಲೆ ಹೇಳಿದರೆ ಎಷ್ಟು ದಿನ, ಯಾರು, ಏನು ಮಾಡಿದರು ಅಂತ ಕೇಳಿ.

ಎರಡನೆಯದು ಶ್ಯಾಡೋ ಟೀಚರ್, ಅಂದರೆ ಈ ಒಂದು ಮಗುವಿಗೆಂದೇ ತರಗತಿಯಲ್ಲಿ ಜೊತೆಗಿರುವ ಸಹಾಯಕರು. ಪೋಷಕರು ಹೆಚ್ಚಾಗಿ ಕೇಳುವುದೂ ಇದನ್ನೇ, ಶಾಲೆಗಳು ಸೀಟು ಕೊಡಲು ಹಾಕುವ ಷರತ್ತೂ ಇದೇ. ಪಕ್ಕದಲ್ಲಿ ಒಬ್ಬರು ಕೂತಿದ್ದಾರೆ ಅಂದರೆ ಎಲ್ಲರಿಗೂ ಧೈರ್ಯ, ಅಲ್ವಾ? ಆದರೆ ಇದರ ಬಗ್ಗೆ ನಡೆದಿರುವ ಅಧ್ಯಯನಗಳು ಅಷ್ಟು ಸಿಹಿಯಾಗಿಲ್ಲ. ಲಂಡನ್‌ನ ಪೀಟರ್ ಬ್ಲ್ಯಾಚ್‌ಫರ್ಡ್ ಮತ್ತವರ ತಂಡ ಬ್ರಿಟನ್ನಿನ ಶಾಲೆಗಳಲ್ಲಿ ನಡೆಸಿದ ದೊಡ್ಡ ಅಧ್ಯಯನದಲ್ಲಿ ಸಹಾಯಕರ ನೆರವು ಜಾಸ್ತಿ ಪಡೆದ ಮಕ್ಕಳ ಪ್ರಗತಿ ಕಡಿಮೆ ಇತ್ತು. ಅವರ ಹಿಂದಿನ ಮಟ್ಟ, ವಿಶೇಷ ಅಗತ್ಯ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹಾಗೇ. ಇದರಲ್ಲಿ ಸಹಾಯಕರ ತಪ್ಪು ಏನಿಲ್ಲ. ಅವರಿಗೆ ತರಬೇತಿ ಇಲ್ಲ, ಪಾಠ ಏನೆಂದು ಮೊದಲೇ ಗೊತ್ತಿಲ್ಲ, ಕೆಲಸ ಮುಗಿಸಿಸುವ ಒತ್ತಡ ಇದೆ. ಇನ್ನೊಂದು ಕಡೆ, ಸಹಾಯಕರು ಇದ್ದಾರೆ ಅಂತ ತರಗತಿಯ ಟೀಚರ್ ಆ ಮಗುವಿನ ಜೊತೆ ಮಾತಾಡುವುದೇ ಕಡಿಮೆಯಾಗುತ್ತದೆ. ಅಮೆರಿಕದ ಮೈಕೆಲ್ ಜಿಯಾಂಗ್ರೆಕೊ ಮತ್ತು ಜೊತೆಗಾರರು 1997ರಲ್ಲೇ ಇನ್ನೊಂದು ಮುಖ ತೋರಿಸಿದ್ದರು. ದೊಡ್ಡವರು ಸದಾ ಅಂಟಿಕೊಂಡಿದ್ದರೆ ಬೇರೆ ಮಕ್ಕಳು ಹತ್ತಿರ ಬರುವುದಿಲ್ಲ, ಮಗು ಅವರ ಮೇಲೇ ಒರಗುತ್ತದೆ.

ಹಾಗಂತ ಶ್ಯಾಡೋ ಬೇಡವೇ ಬೇಡ ಅಂತಲ್ಲ. ಓಡಿಹೋಗುವ ಮಗುವಿಗೆ, ಶೌಚಕ್ಕೆ ಸಹಾಯ ಬೇಕಾದ ಮಗುವಿಗೆ ಒಬ್ಬರು ಬೇಕು. ಕೇಳುವಾಗ ದಿನಕ್ಕೆ ಅಂತ ಕೇಳಬೇಡಿ, ಹೊತ್ತಿಗೆ ಅಂತ ಕೇಳಿ: ಗಣಿತಕ್ಕೆ ಬೇಡ, ತರಗತಿ ಬದಲಿಸುವಾಗ ಬೇಕು, ಬಿಡುವಿನಲ್ಲಿ ಬೇಕು. ಅವರು ಮಗುವಿನ ಪಕ್ಕ ಕೂರುತ್ತಾರಾ, ತರಗತಿಯ ಹಿಂದೆ ಕೂರುತ್ತಾರಾ? ಅವರಿಗೆ ಕೆಲಸ ಹೇಳುವವರು ಯಾರು? ಯಾವ ತಿಂಗಳಿಂದ ದೂರ ಸರಿಯಲು ಶುರು ಮಾಡುತ್ತಾರೆ? ಈ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದ ಶ್ಯಾಡೋ ವ್ಯವಸ್ಥೆಯನ್ನು ನಾನು ಒಪ್ಪುವುದಿಲ್ಲ. ಖರ್ಚು ಪೋಷಕರದ್ದು, ಅಧಿಕಾರ ಶಾಲೆಯದ್ದು ಅನ್ನುವ ಏರ್ಪಾಡಿದ್ದರೆ ಇದನ್ನೆಲ್ಲ ಸೇರುವ ಮೊದಲೇ ಬರೆಸಿಕೊಳ್ಳಿ.

ಮೂರನೆಯದು ರಿಸೋರ್ಸ್ ರೂಮ್, ಅಂದರೆ ದಿನದಲ್ಲಿ ಒಂದೋ ಎರಡೋ ಪೀರಿಯಡ್ ಸ್ಪೆಷಲ್ ಎಜುಕೇಟರ್ ಹತ್ತಿರ ಹೋಗಿ ಬರುವುದು. ಓದಿ ಅರ್ಥ ಮಾಡಿಕೊಳ್ಳುವುದು, ಬರವಣಿಗೆ, ಲೆಕ್ಕದ ಹಿಂದುಳಿದ ಭಾಗ ಇಂಥ ಗುರುತಿಸಿದ ಕೌಶಲಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ವಿಷಯ ನೋಡಿಕೊಳ್ಳಬೇಕು. ಯಾವ ಪೀರಿಯಡ್‌ನಿಂದ ಮಗುವನ್ನು ಎಬ್ಬಿಸುತ್ತಾರೆ? ಡ್ರಾಯಿಂಗ್, ಮ್ಯೂಸಿಕ್ ಇರುವಾಗ ಕರೆದೊಯ್ದರೆ ಮಗು ಗೆಲ್ಲುವ ಒಂದೇ ಹೊತ್ತನ್ನು ಕಿತ್ತುಕೊಂಡ ಹಾಗೆ. ಎರಡನೆಯದು, ಅಲ್ಲಿ ಕಲಿತದ್ದು ತರಗತಿಗೆ ಬರುತ್ತಿದೆಯೇ. ಆಟಿಸಂ ಇರುವ ಮಕ್ಕಳಿಗೆ ಒಂದು ಕೋಣೆಯಲ್ಲಿ ಕಲಿತದ್ದನ್ನು ಇನ್ನೊಂದು ಕೋಣೆಯಲ್ಲಿ ಬಳಸುವುದು ಕಷ್ಟ. ಸ್ಪೆಷಲ್ ಎಜುಕೇಟರ್ ಮತ್ತು ಕ್ಲಾಸ್ ಟೀಚರ್ ವಾರಕ್ಕೊಮ್ಮೆಯೂ ಮಾತಾಡದ ಶಾಲೆಯಲ್ಲಿ ರಿಸೋರ್ಸ್ ರೂಮ್ ಒಂದು ದ್ವೀಪ. ಶಾಲೆಯೊಳಗಿನ ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿಗೂ ಇದೇ ಮಾತು. ಥೆರಪಿಸ್ಟ್ ತರಗತಿಗೇ ಬಂದು ಟೀಚರಿಗೆ ತೋರಿಸಿಕೊಡುವ ಏರ್ಪಾಡು ಸಿಕ್ಕರೆ ಅದನ್ನೇ ಆರಿಸಿ.

ನಾಲ್ಕನೆಯದು ವಿಶೇಷ ತರಗತಿ ಅಥವಾ ವಿಶೇಷ ಶಾಲೆ. 1994ರ ಸಲಮಾಂಕಾ ಘೋಷಣೆ, 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಎರಡೂ ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯಬೇಕು ಅನ್ನುವ ಕಡೆಗಿವೆ. ನನ್ನ ಒಲವೂ ಆ ಕಡೆಗೇ. ಆದರೆ ತರಗತಿಯ ಮೂಲೆಯಲ್ಲಿ ಒಬ್ಬರೂ ಮಾತಾಡಿಸದೆ ಕೂರಿಸಿದರೆ ಅದು ಒಟ್ಟಿಗೆ ಕಲಿಯುವುದಲ್ಲ. ದಿನವೂ ಅಳುತ್ತಾ ಹೋಗುವ, ನಿದ್ದೆ ಊಟ ಬಿಟ್ಟ, ತನಗೆ ತಾನೇ ಹೊಡೆದುಕೊಳ್ಳುವ ಮಗುವಿಗೆ ಆರು ಎಂಟು ಮಕ್ಕಳ ಶಾಂತ ತರಗತಿ ಜೀವ ಉಳಿಸಿದಷ್ಟು ದೊಡ್ಡದು. ಇನ್ನೂ ಮಾತು ಬಾರದ, ಬೇರೆ ಸಂವಹನದ ದಾರಿಯೂ ಇಲ್ಲದ ಮಗುವಿಗೂ ಅಂಥ ಕಡೆ ತರಬೇತಿ ಪಡೆದವರು ಸಿಗುವ ಸಾಧ್ಯತೆ ಜಾಸ್ತಿ. ಚಿತ್ರ ಕೊಟ್ಟು ಬೇಕಾದ್ದು ಕೇಳುವ ಪೆಕ್ಸ್ ಪದ್ಧತಿ, ಟ್ಯಾಬ್‌ನಲ್ಲಿ ಒತ್ತಿದರೆ ಮಾತಾಡುವ ಆ್ಯಪ್ ಇವೆಲ್ಲ ಬಂದರೆ ಮಾತು ಬರುವುದಿಲ್ಲ ಅನ್ನುವ ಹೆದರಿಕೆ ಬೇಡ. ಅಧ್ಯಯನಗಳಲ್ಲಿ ಇವುಗಳಿಂದ ಮಾತು ಕುಂಠಿತವಾದದ್ದು ಕಂಡಿಲ್ಲ. ಕೆಲವು ಮಕ್ಕಳಲ್ಲಿ ಸ್ವಲ್ಪ ಹೆಚ್ಚಿದೆ.

ವಿಶೇಷ ಶಾಲೆ ಅಂದ ಮಾತ್ರಕ್ಕೆ ಅಲ್ಲಿ ಆಟಿಸಂ ಗೊತ್ತಿದೆ ಅಂತಲ್ಲ. ಭೇಟಿ ಕೊಟ್ಟಾಗ ಗೋಡೆಯ ಚಿತ್ರಗಳನ್ನು ನೋಡಬೇಡಿ. ಮಾತು ಬಾರದ ಮಗುವೊಂದು "ಬೇಡ" ಅನ್ನುವುದನ್ನು ಅಲ್ಲಿ ಹೇಗೆ ಹೇಳುತ್ತದೆ, ಹೇಳಿದಾಗ ದೊಡ್ಡವರು ಏನು ಮಾಡುತ್ತಾರೆ ನೋಡಿ. ಮಗು ಸಿಟ್ಟಿಗೆದ್ದಾಗ ಹಿಡಿದು ಕೂರಿಸುತ್ತಾರಾ, ಕೋಣೆಯಲ್ಲಿ ಕೂಡಿಹಾಕುತ್ತಾರಾ ಅಂತ ನೇರವಾಗಿ ಕೇಳಿ. ಓದು ಬರಹ ಕಲಿಸುತ್ತಾರಾ ಅಂತಲೂ ಕೇಳಿ. ಬರೀ ಮಣಿ ಪೋಣಿಸಿಸುವ ಜಾಗಗಳೂ ಇವೆ. ಇಲ್ಲಿಂದ ಸಾಮಾನ್ಯ ಶಾಲೆಗೆ ಮರಳಿ ಹೋದ ಮಕ್ಕಳಿದ್ದಾರಾ ಅನ್ನುವ ಪ್ರಶ್ನೆಗೆ ಬರುವ ಉತ್ತರ ಬಹಳಷ್ಟು ಹೇಳುತ್ತದೆ.

ಮನೆಯಲ್ಲೇ ಕಲಿಸುವುದು ಕೊನೆಯದು. ಶಾಲೆಯಿಂದ ಜರ್ಜರಿತವಾದ ಮಗುವಿಗೆ ಕೆಲವು ತಿಂಗಳ ಬಿಡುವಾಗಿ ಚೆನ್ನ. ಕಾಯಂ ಮಾಡುವುದಾದರೆ ಮನೆಯಲ್ಲಿ ಯಾರ ಕೆಲಸ ಹೋಗುತ್ತದೆ, ಮಗು ಬೇರೆ ಮಕ್ಕಳನ್ನು ಎಲ್ಲಿ ನೋಡುತ್ತದೆ ಎಂಬ ಎರಡಕ್ಕೆ ಉತ್ತರ ಇರಬೇಕು.

ಪಾಠವೇ ಬೇರೆಯೋ, ದಾರಿ ಮಾತ್ರ ಬೇರೆಯೋ

ಜಾಗ ಆರಿಸುವ ಗಲಾಟೆಯಲ್ಲಿ ಈ ಆಯ್ಕೆ ಸದ್ದಿಲ್ಲದೆ ನಡೆದುಹೋಗುತ್ತದೆ. ಮುಂದಿನ ದಾರಿಯನ್ನು ಇದೇ ಹೆಚ್ಚು ನಿರ್ಧರಿಸುತ್ತದೆ. ಹೆಚ್ಚುವರಿ ಸಮಯ, ಪ್ರತ್ಯೇಕ ಕೋಣೆ, ಬರೆಯುವ ಬದಲು ಟೈಪ್ ಮಾಡುವುದು, ದೊಡ್ಡ ಪ್ರಶ್ನೆಯನ್ನು ತುಂಡು ಮಾಡಿ ಕೊಡುವುದು ಇವು ಕಲಿಯುವ ದಾರಿಯನ್ನು ಬದಲಿಸುತ್ತವೆ, ಪಾಠ ಅದೇ ಇರುತ್ತದೆ. ಇನ್ನೊಂದು ಬಗೆಯಲ್ಲಿ ಪಾಠವೇ ಕಡಿಮೆಯಾಗುತ್ತದೆ. ಐದನೇ ತರಗತಿಯಲ್ಲಿ ಕೂತು ಎರಡನೇ ತರಗತಿಯ ಲೆಕ್ಕ. ಎರಡಕ್ಕೂ ಅವುಗಳದೇ ಜಾಗ ಇದೆ. ಆದರೆ ಪಾಠ ಕಡಿಮೆ ಮಾಡಿದರೆ ಮುಂದೆ ಬೋರ್ಡ್ ಪರೀಕ್ಷೆ, ಸರ್ಟಿಫಿಕೇಟ್, ಕಾಲೇಜು ಇವುಗಳ ಬಾಗಿಲು ಕಿರಿದಾಗಬಹುದು. ಕೇಳಿದರೆ "ಮಗುವಿಗೆ ಒತ್ತಡ ಬೇಡ ಅಂತ" ಅನ್ನುತ್ತಾರೆ. ಯಾವ ವಿಷಯದಲ್ಲಿ, ಎಷ್ಟು, ಯಾವಾಗ ಮರುಪರಿಶೀಲನೆ ಎಂದು ವಿಷಯವಾರು ಬರೆಸಿ. ಗಣಿತ ಪೂರ್ತಿ, ಭಾಷೆ ಕಡಿಮೆ ಅನ್ನುವುದೂ ಆಗುತ್ತದೆ. ಒಂದರಲ್ಲಿ ಸೋತ ಮಗುವಿಗೆ ಎಲ್ಲದರಲ್ಲೂ ಇಳಿಸಬೇಕಾಗಿಲ್ಲ.

ಐಇಪಿ (ಆ ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ) ಅಥವಾ ಯಾವ ಹೆಸರಿನ ಯೋಜನೆಯೇ ಆಗಲಿ, ಗುರಿಗಳನ್ನು ಓದುವಾಗ ಒಂದು ಸರಳ ಪರೀಕ್ಷೆ ಮಾಡಿ. ಹೊಸ ಟೀಚರ್ ಒಬ್ಬರು ಇದನ್ನು ಓದಿ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಹೇಳಬಲ್ಲರೇ? "ಸಾಮಾಜಿಕ ಕೌಶಲ ಸುಧಾರಿಸುವುದು" ಅಂದರೆ ಹೇಳಲಾರರು. "ಬಿಡುವಿನಲ್ಲಿ, ಕಾರ್ಡ್ ತೋರಿಸಿ ಅಥವಾ ಮಾತಿನಲ್ಲಿ, ಐದು ದಿನದಲ್ಲಿ ಮೂರು ದಿನ ತಾನಾಗಿ ಆಟಕ್ಕೆ ಸೇರಿಸಿಕೊಳ್ಳಲು ಕೇಳುವುದು" ಅಂದರೆ ಹೇಳಬಲ್ಲರು. "ಕಣ್ಣಲ್ಲಿ ಕಣ್ಣಿಟ್ಟು ನೋಡುವುದು", "ಕೈ ಆಡಿಸುವುದನ್ನು ನಿಲ್ಲಿಸುವುದು" ಇಂಥ ಗುರಿಗಳನ್ನು ತೆಗೆಸಿ. ಅವು ಮಗುವನ್ನು ಬೇರೆಯವರ ಕಣ್ಣಿಗೆ ಸರಿಯಾಗಿ ಕಾಣಿಸುವ ಕೆಲಸ. ಕೈ ಆಡಿಸುತ್ತಲೇ ಪಾಠ ಕೇಳುವ ಮಕ್ಕಳು ಬಹಳ. ಬ್ರಿಟನ್ನಿನ ಆಟಿಸ್ಟಿಕ್ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಹೇಳಿದ್ದು ಇಲ್ಲಿ ನೆನಪಾಗುತ್ತದೆ: ಆಟಿಸ್ಟಿಕ್ ಜನರು ಉಳಿದವರನ್ನು ಅರ್ಥ ಮಾಡಿಕೊಳ್ಳಲು ಒದ್ದಾಡುವಂತೆಯೇ ಉಳಿದವರೂ ಅವರನ್ನು ಅರ್ಥ ಮಾಡಿಕೊಳ್ಳಲು ಒದ್ದಾಡುತ್ತಾರೆ. ಹಾಗಾಗಿ ಒಂದಾದರೂ ಗುರಿ ಸಹಪಾಠಿಗಳಿಗೆ, ಟೀಚರಿಗೆ ಇರಲಿ.

ಯಾವುದನ್ನೇ ಆರಿಸಿದರೂ ಪ್ರತಿ ಟರ್ಮ್‌ಗೊಮ್ಮೆ ಕೂತು ನೋಡುವ ದಿನಾಂಕವನ್ನು ಮೊದಲ ಸಭೆಯಲ್ಲೇ ಬರೆದುಕೊಳ್ಳಿ. ಪೂರ್ತಿ ಮರುಮೌಲ್ಯಮಾಪನ ಮೂರು ವರ್ಷಕ್ಕೊಮ್ಮೆ ಅನ್ನುವುದು ಅಮೆರಿಕದ ನಿಯಮ, ಬೇರೆ ಕಡೆಗೂ ಒಳ್ಳೆಯ ಅಳತೆ. ಪ್ರಾಥಮಿಕದಿಂದ ಹೈಸ್ಕೂಲಿಗೆ ಹೋಗುವ ಮುಂಚೆ ಮಾತ್ರ ಮೂರು ವರ್ಷ ಕಾಯಬೇಡಿ. ಒಬ್ಬ ಕ್ಲಾಸ್ ಟೀಚರ್ ಬದಲು ವಿಷಯಕ್ಕೊಬ್ಬರು ಬರುತ್ತಾರೆ, ಕೋಣೆಗಳು ಬದಲಾಗುತ್ತವೆ, ಕೆಲಸ ಕೊಟ್ಟದ್ದನ್ನು ತಾನೇ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಅಲ್ಲಿಯವರೆಗೆ ನೆರವಿಲ್ಲದೆ ನಡೆದ ಮಗುವೂ ಅಲ್ಲಿ ಎಡವಬಹುದು. ಹಿಂದಿನ ವರ್ಷದ ಕೊನೆಯಲ್ಲೇ ಹೊಸ ಟೀಚರುಗಳನ್ನು ಕೂರಿಸಿ, ಒಂದು ಪುಟದ ಟಿಪ್ಪಣಿ ಕೊಡಿ: ಏನು ಇಷ್ಟ, ಏನು ಕಷ್ಟ, ಮೆಲ್ಟ್‌ಡೌನ್ (ತಡೆಯಲಾರದೆ ಸಿಡಿದುಬಿಡುವುದು) ಬರುವ ಮುಂಚಿನ ಲಕ್ಷಣ ಏನು, ಆಗ ಏನು ಮಾಡಬೇಕು, ಏನು ಮಾಡಬಾರದು. ಆ ಪುಟವನ್ನು ಬರೆಯುವಾಗ ಮಗುವನ್ನೂ ಕೇಳಿ. ಮಾತು ಬಾರದಿದ್ದರೆ ಚಿತ್ರ ತೋರಿಸಿ ಆರಿಸಲು ಹೇಳಿ.